ಮೊದಲ ಸಲ ಬರುವವರಿಗೆ

ಖಾಲಿ ಹೊಟ್ಟೆಯಲ್ಲಿ ಬರಬೇಡಿ.
ದುರ್ಗಿಗುಡಿಯ ಈ ಮೆಟ್ಟಿಲು ಹತ್ತುವ ಮುಂಚೆ
ಎರಡು ಇಡ್ಲಿಯಾದರೂ ತಿನ್ನಿ.
ತೋಳು ಸಡಿಲವಿರುವ ಅಂಗಿ ಸಾಕು.
ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ
ನನಗೆ ಹೇಳಿ, ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ.

ಭದ್ರಾವತಿಯ ಮಾಸಿಲಾಮಣಿ,
ಮೂವತ್ತು ವರ್ಷ ಕುದಿವ ಕಬ್ಬಿಣ ಸುರಿದವರು,
ಕೂದಲೆಳೆಯಷ್ಟು ಉಕ್ಕು ಕಂಡು
ಚಪ್ಪಲಿ ಬಿಟ್ಟೇ ಓಡಿದ್ದರು.
ಮರುದಿನ ಚಪ್ಪಲಿಗೆಂದು ಬಂದರು.
ಮಲಗಿದರು.

ನೋವೇ?
ಇರುವೆಯೊಂದು
ಕಚ್ಚಲೋ ಬೇಡವೋ ಅಂದುಕೊಂಡ ಹಾಗೆ.
ಆಮೇಲೆ ಒಂಥರಾ ಭಾರ, ಜುಮ್ಮೆನ್ನುವುದು.
ಇಪ್ಪತ್ತು ನಿಮಿಷ ಫ್ಯಾನಿನ ಗರಗರ,
ಕೆಳಗೆ ಪಾತ್ರೆ ಅಂಗಡಿಯಲ್ಲಿ
ಯಾರೋ ಕೊಡ ತಟ್ಟಿ ನೋಡುವ ಸದ್ದು.
ಬಳಸಿದ ಸೂಜಿ ಡಬ್ಬಿಗೆ; ಮತ್ತೊಬ್ಬರಿಗಲ್ಲ.

ಅವರ ಭುಜ ವಾಸಿಯಾಯಿತೇ ಎಂದರೆ
ಹೌದೆನ್ನಲಾರೆ.
ಅಂಗಿಯ ಗುಂಡಿ ಈಗ ತಾವೇ ಹಾಕಿಕೊಳ್ಳುತ್ತಾರೆ,
ಕತ್ತಿನ ಹತ್ತಿರದ್ದೊಂದು ಬಿಟ್ಟು.