ಬಗ್ಗಬಾರದ ತಿಂಗಳು

ನಾಳೆ ಕಣ್ಣಿನ ಆಪರೇಷನ್ನು, ತಮಾ.
ತಿಂಗಳು ಪೂರ್ತಿ ಬಗ್ಗಬಾರದು ಅಂದಿದ್ದಾರೆ ಡಾಕ್ಟರು.
ಈ ಪಂಪಿನ ಕೆಲಸವೆಂದರೆ ಬಗ್ಗುವುದೇ.
ಅದಕ್ಕೇ ನಿನ್ನ ಕರೆದದ್ದು. ಇಳಿ.
ರಬ್ಬರ್ ಚಪ್ಪಲಿ ಬಿಡಬೇಡ, ದೇವರ ಕೋಣೆಯಲ್ಲ ಇದು.

ಕೋಡಿಬಾಗದ ಈ ಕಟ್ಟಡಕ್ಕೆ
ನೆಲಮಾಳಿಗೆ ಯಾಕೆ ತೋಡಿದರೋ.
ಕಾಳಿ ಹೊಳೆ ಕೂಗಳತೆಯಲ್ಲಿ,
ಅದರಾಚೆ ಸಮುದ್ರ, ಕಿವಿ ನೆಟ್ಟಗೆ ಮಾಡಿಕೊಂಡು.
ಉಬ್ಬರ ಏರಿದರೆ ಗೋಡೆ ಬೆವರುತ್ತದೆ, ನೆಲ ಒಸರುತ್ತದೆ.
ನಾಲಿಗೆಗೆ ಹಚ್ಚಿ ನೋಡಿದ್ದೇನೆ:
ಅಮಾವಾಸ್ಯೆಗೆ ಉಪ್ಪು, ಅಷ್ಟಮಿಗೆ ಸಪ್ಪೆ.

ಇದು ದೊಡ್ಡ ಪಂಪು, ಕರೆಂಟಿನದು, ಸೊಕ್ಕಿನದು.
ಲೈನು ಹೋದರೆ ಸತ್ತ ಹಾಗೆ ಮಲಗುತ್ತದೆ.
ಪಕ್ಕದ್ದು ಸಣ್ಣದು, ಬ್ಯಾಟರಿಯದು.
ಅದರ ಫ್ಲೋಟು ಒಂದು ಗೇಣು ಮೇಲಿದೆ ನೋಡು,
ದೊಡ್ಡದು ಸೋತ ಮೇಲಷ್ಟೇ ಏಳಬೇಕು ಅಂತ.
ನಮ್ಮ ನಡು ಅತ್ತಿಗೆ ಹೀಗೇ ಇದ್ದಳು.

ಬ್ಯಾಟರಿಗೆ ತಿಂಗಳಿಗೊಮ್ಮೆ ಬಾಯಾರಿಕೆ.
ಆರು ಬಾಯಿ, ಆರಕ್ಕೂ ಗೆರೆಯ ತನಕ,
ಡಿಸ್ಟಿಲ್ಡ್ ವಾಟರೇ ಆಗಬೇಕು.
ನಲ್ಲಿಯದು ಬೇಡ, ಬಾವಿಯದು ಬೇಡ,
ಗೋಕರ್ಣದ ಕೋಟಿತೀರ್ಥದ್ದೂ ಬೇಡ.
ಕೈಯ ಉಂಗುರ ತೆಗೆದಿಡು.
ಬೀಡಿಯವರನ್ನು ಹತ್ತಿರ ಬಿಡಬೇಡ,
ಅದೂ ಉಸಿರಾಡುತ್ತದೆ, ಆ ಉಸಿರಿಗೆ ಬೆಂಕಿ ಆಗದು.
ಬಿಚ್ಚುವಾಗ ಕಪ್ಪು ವಯರು ಮೊದಲು,
ಹಾಕುವಾಗ ಕಪ್ಪು ಕಡೆಗೆ.
ತುದಿಗೆ ಹಸಿರು ಬಿಳಿ ಹಿಟ್ಟು ಕೂತರೆ
ಅಡಿಗೆ ಸೋಡಾ, ಬಿಸಿನೀರು, ಹಳೆ ಬ್ರಷ್ಷು;
ಒಣಗಿದ ಮೇಲೆ ವ್ಯಾಸಲಿನ್,
ಮಗುವಿನ ತುಟಿಗೆ ಹಚ್ಚಿದ ಹಾಗೆ.

ನೀನು ಐಟಿಐ. ನಿನಗೆ ವೋಲ್ಟು ಗೊತ್ತು.
ನನಗೆ ಮೀಟರು ಓದಲು ಬಾರದು, ಈಗಂತೂ ಎಲ್ಲ ಮಂಜು.
ಕೇಳಿಕೊಂಡೇ ನಡೆಸಿದೆ ಹನ್ನೊಂದು ಮಳೆಗಾಲ.
ಗರ್ರ್ ಅಂದರೆ ನೀರೆತ್ತುತ್ತಿದೆ.
ಕಿರ್ರ್ ಅಂದರೆ ಗಾಳಿ ಕುಡಿಯುತ್ತಿದೆ.
ನಿಂತ ಮೇಲೆ ಒಮ್ಮೆ ದಡ್ ಅನ್ನಬೇಕು,
ವಾಲ್ವು ಬಾಗಿಲು ಹಾಕಿಕೊಂಡ ಸದ್ದು.
ದಡ್ ಬರದಿದ್ದರೆ
ಕಳಿಸಿದ ನೀರೇ ತಿರುಗಿ ಬರುತ್ತಿದೆ.

ಹೊರಗೆ ಗಟಾರಿನ ಹತ್ತಿರ ಪೈಪಿನ ಬಾಯಿ.
ಒಮ್ಮೆ ಅಲ್ಲೊಂದು ಏಡಿ ಸಂಸಾರ ಹೂಡಿತ್ತು,
ಬಾಡಿಗೆ ಕೇಳು ನೋಡೋಣ ಅಂತ ಕೊಂಬು ಎತ್ತಿತ್ತು.
ಜಾಳಿಗೆ ಕಟ್ಟಿದ್ದೇನೆ. ವಾರಕ್ಕೊಮ್ಮೆ ಕೈಯಾಡಿಸು.

ಹೋದ ವರ್ಷ, ಆಷಾಢದ ಅಮಾವಾಸ್ಯೆ.
ಎರಡನೇ ಮಾಳಿಗೆಯ ಕೊಠಾರಕರರು
ಕ್ರಿಕೆಟ್ ನೋಡಲು ಬ್ಯಾಟರಿ ಎತ್ತಿಕೊಂಡು ಹೋಗಿದ್ದರಂತೆ.
ತಂದಿಟ್ಟೂ ಇದ್ದರು, ನೀಟಾಗಿ, ಮೇಲೆ ಬಟ್ಟೆ ಹೊದಿಸಿ,
ಚಾರ್ಜರಿನ ಪಿನ್ನು ಮಾತ್ರ ಚುಚ್ಚದೆ.
ರಾತ್ರಿ ಎರಡಕ್ಕೆ ಲೈನು ಹೋಯಿತು.
ಸಣ್ಣದು ಒಮ್ಮೆ ಹ್ಞಾಂ ಅಂದಿತು,
ಮತ್ತೆ ಸುಮ್ಮನಾಯಿತು.
ನಾನು ಮತ್ತು ವಾಚ್‌ಮನ್ ಗುರುದಾಸ ಕೊಡ ಹಿಡಿದೆವು.
ಇನ್ನೂರರ ಮೇಲೆ ಎಣಿಸಲಿಲ್ಲ.
ಲೈನು ಬರಲಿ ಅಂತಲೂ ಬೇಡಿಕೊಂಡೆ,
ಬರಬೇಡ ಅಂತಲೂ; ಮೊಣಕಾಲು ಮುಳುಗಿತ್ತು.
ಮೀಟರ್ ಬೋರ್ಡಿಗೆ ನಾಲ್ಕು ಬೆರಳು ಉಳಿದಿತ್ತು,
ಇಗೋ, ನಾನು ಗೀರಿದ ಗೆರೆ.
ಬೆಳಿಗ್ಗೆ ಕೊಠಾರಕರರು ಚಾ ಕಳಿಸಿದರು. ಅಷ್ಟೇ.

ಅದಕ್ಕೇ ಏಕಾದಶಿಗೊಂದು ಪರೀಕ್ಷೆ:
ದೊಡ್ಡದರ ಪಿನ್ನು ಕೀಳು, ಬಕೆಟ್ಟಿನಿಂದ ನೀರು ಸುರಿ,
ಸಣ್ಣದು ತಾನಾಗಿ ಎದ್ದಿತೋ ನೋಡು.
ಎದ್ದಿತೆಂದು ಖುಷಿಯಲ್ಲಿ ಮೇಲೆ ಓಡಬೇಡ,
ಕಿತ್ತ ಪಿನ್ನು ಮರಳಿ ಚುಚ್ಚಿದೆಯೋ ಎರಡು ಸಲ ನೋಡು.

ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟುವುದು ಕಣ್ಣಿಗೆ.
ಉಬ್ಬರದ ಹೊತ್ತಿಗೆ ಫೋನು ಮಾಡುತ್ತೇನೆ.
ಹೇಗಿದ್ದೀರಿ ಶೇವಂತಿಬಾಯಿ ಅಂತೆಲ್ಲ ಕೇಳಬೇಡ.
ಫೋನನ್ನು ಈ ಗುಂಡಿಯ ಮೇಲೆ ಹಿಡಿ.
ದಡ್ ಅನ್ನುವ ತನಕ ಹಿಡಿದಿರು.