ಮೌನಿ ಬಾಬಾನ ದವಡೆ

ಲಂಬಾಸಾ ಬಸ್ಸು ಸೇತುವೆಯ ಈಚೆಗೇ ಇಳಿಸಿತು.
ಮುಂದೆ ಕಬ್ಬಿನ ರೈಲುಹಳಿ, ಅದರ ಮೇಲೇ ನಡಿಗೆ.
ಎರಡೂ ಕಡೆ ನಿನ್ನೆ ರಾತ್ರಿ ಸುಟ್ಟ ತೋಟ;
ಬೂದಿ ಇನ್ನೂ ನೆಲಕ್ಕಿಳಿದಿಲ್ಲ,
ಒಗೆದುಟ್ಟ ಓಢನಿಯ ಮೇಲೆ ಕರಿಎಳ್ಳು ಚೆಲ್ಲಿದ ಹಾಗೆ.

ಹರಕೆ ಅತ್ತೆಯದು: ಐದು ಕಿಲೋ ಬೇಳೆ, ಒಂದು ತೆಂಗಿನಕಾಯಿ.
ಹೆಗಲು ನನ್ನದು.
ನಮ್ಮ ಮನೆಯಲ್ಲಿ ಭಕ್ತಿ ಹೀಗೇ ಹಂಚಿಕೆಯಾಗಿದೆ.

ಕುಟಿಯೆಂದರೆ ತಗಡಿನ ಮಾಡು.
ಮೂರು ಸಲ ಬಿರುಗಾಳಿ ಒಯ್ದಿತ್ತಂತೆ, ಇದು ನಾಲ್ಕನೆಯದು.
ಬಿದಿರ ತುದಿಗೆ ಕೆಂಪು ಝಂಡಾ.
ಪಂಡಿತ ಜೋಖನ್ ಪ್ರಸಾದರು ಹೊಸಿಲಲ್ಲೇ ಶುರುಮಾಡಿದರು:
'ಹಡಗು ಹತ್ತಿದಾಗ ಬಾಬಾಗೆ ಹದಿನೆಂಟು.
ಗಿರ್ಮಿಟ್ ಕಾಗದಕ್ಕೆ ಹೆಬ್ಬೆಟ್ಟು, ಐದು ವರ್ಷ ಕಬ್ಬು.
ಆಮೇಲೆ ಹನ್ನೆರಡು ವರ್ಷ ಮೌನ!
ನಾವು ಹನ್ನೆರಡು ನಿಮಿಷ ಇರಬಲ್ಲೆವೇ ತಾಯಿ?'
ಇರಲಾರೆವು ಎಂಬುದನ್ನು
ಮುಕ್ಕಾಲು ಗಂಟೆ ಬಿಡದೆ ತೋರಿಸಿಕೊಟ್ಟರು.

ಗಾಜಿನ ಪೆಟ್ಟಿಗೆಯಲ್ಲಿ ಕಬ್ಬಿನ ಕತ್ತಿ, ಸವೆದ ಲೋಟ,
ನಂಬರು ಕೊರೆದ ತವರದ ಬಿಲ್ಲೆ.
ಮೇಲೆ, ದೇವಕಣಗಿಲೆ ಹಾರದ ನಡುವೆ,
ಇರುವ ಒಂದೇ ಒಂದು ಫೋಟೋ.

ಇಪ್ಪತ್ತೆರಡು ವರ್ಷ ಹಲ್ಲಿನ ವಿಭಾಗದ ನರ್ಸು ನಾನು.
'ಬಾಯಿ ತೆಗೀರಿ, ಇನ್ನೂ ಸ್ವಲ್ಪ' ನನ್ನ ನಿತ್ಯಪಾರಾಯಣ.
ಎಲ್ಲರೂ ಕಣ್ಣಿನ ಕಾಂತಿ ನೋಡಿ ಕೈಮುಗಿಯುತ್ತಿದ್ದರು,
ನನಗೆ ಕಂಡದ್ದು ದವಡೆ.
ಗಡ್ಡದ ಮರೆಯಲ್ಲೂ, ಎಡಕ್ಕೆ, ಅರ್ಧ ಬೆರಳಿನಷ್ಟು ಒಳಸರಿದದ್ದು.
ಮುರಿದ ಮೂಳೆ;
ಯಾರೂ ಕಟ್ಟದೆ, ಎಳೆಯದೆ,
ತನಗೆ ತೋಚಿದ ಹಾಗೆ ತಾನೇ ಕೂಡಿಕೊಂಡದ್ದು.

ಕೇಳಿದೆ. ಪಂಡಿತರು ಅಂದರು, 'ತಪಸ್ಸಿನ ತೇಜಸ್ಸು.'

ಅಡುಗೆಮನೆಯಲ್ಲಿ ಮೆರೆಯೋನಿ ದೀಗುಜ್ಜೆ ಹೆಚ್ಚುತ್ತಿದ್ದಳು.
ಹೊಳೆಯಾಚೆಯ ಹಳ್ಳಿಯವಳು, ಈ ನೆಲದ ಮಗಳು,
ಎಪ್ಪತ್ತು ದಾಟಿದೆ, ನಮ್ಮ ಹಿಂದಿ ನನಗಿಂತ ಚೆನ್ನ.
ನಾನು ಬರೀ ನನ್ನ ದವಡೆ ಮುಟ್ಟಿ ತೋರಿಸಿದೆ.
ಚಾಕು ಕೆಳಗಿಟ್ಟಳು.

'ಕುಲಂಬರನ ಬೂಟು,' ಅಂದಳು.
'ಕಾಂಡ್ಲಾ ಪೊದೆಯಲ್ಲಿ ಬಿದ್ದಿದ್ದನಂತೆ, ನನ್ನಜ್ಜಿ ನೋಡಿದ್ದು.
ಪರಂಗಿ ಎಲೆಯ ತೊಟ್ಟು ಟೊಳ್ಳಲ್ಲವೆ,
ಅದನ್ನು ತುಟಿಸಂದಿಗೆ ಇಟ್ಟು
ತೆಂಗಿನಹಾಲು, ಇದೇ ಕಾಯಿಯ ಗಂಜಿ, ತಿಂಗಳುಗಟ್ಟಲೆ.'

ಊಟ ಬಲ್ಲವನಿಗೆ ರೋಗವಿಲ್ಲ,
ಮಾತು ಬಲ್ಲವನಿಗೆ ಜಗಳವಿಲ್ಲ.
ಊಟವೂ ಆಗದ, ಮಾತೂ ಬಾರದ ಒಬ್ಬನಿಗೆ
ಏನಿಲ್ಲವೆಂದು ಗಾದೆ ಹೇಳುವುದಿಲ್ಲ.

'ವಾಸಿಯಾದ ಮೇಲೆ?'
'ಆಗಲೇ ಜನ ಬರತೊಡಗಿದ್ದರಲ್ಲ.
ಹಗಲೆಲ್ಲ ಬೈಸಿಕೊಂಡವರು, ಕತ್ತಲಾದರೆ ಇವನ ಪಕ್ಕ ಕೂತು
ತಮ್ಮದನ್ನೆಲ್ಲ ಹೇಳಿ ಎದ್ದು ಹೋಗುವರು.
ನಡುವೆ ಬಾಯಿಹಾಕಲು ಮನಸ್ಸಾಗಲಿಲ್ಲವೇನೋ.
ಅಜ್ಜಿಯ ಹತ್ತಿರ ಮಾತ್ರ ಮಾತು, ಅದೂ ನಮ್ಮ ಭಾಷೆಯಲ್ಲಿ.'
'ಏನಂತ?'
'ಉಪ್ಪು ಕಮ್ಮಿ, ಅಂತ.'

ಇಬ್ಬರೂ ನಕ್ಕೆವು. ಹೊರಗೆ ಪಂಡಿತರ ದನಿ
ಹೊಸ ಬಸ್ಸಿನವರಿಗೆ ಹನ್ನೆರಡು ವರ್ಷ ಎಣಿಸುತ್ತಿತ್ತು.
ಹೋಗುವ ಮುಂಚೆ ಮತ್ತೊಮ್ಮೆ ಫೋಟೋದ ಮುಂದೆ ನಿಂತೆ.
ಕೈಮುಗಿದೆನೋ ಇಲ್ಲವೋ ನೆನಪಿಲ್ಲ.
ಹೆಬ್ಬೆರಳು ಮಾತ್ರ ಗಾಳಿಯಲ್ಲೇ
ಆ ಮೂಳೆಯನ್ನು ಒತ್ತಿ ಸರಿಮಾಡಲು ನೋಡಿತು.

ಮರುದಿನ ಕುರ್ಚಿಯಲ್ಲಿ ಲಾರಿಗೆ ಕಬ್ಬು ತುಂಬುವ ಹುಡುಗ.
ಕೆನ್ನೆ ಊದಿದೆ, ಎಡಗಡೆ.
'ಹೇಗಾಯ್ತು?' ಎಂಬ ಕಲಮಿನ ಮುಂದೆ
ನಾನು ಯಾವಾಗಲೂ ಬರೆಯುವುದು: 'ಬಿದ್ದು.'
ಪೆನ್ನು ಮುಚ್ಚಿಟ್ಟೆ. ಮುಕ್ಕಳಿಸಲು ಉಪ್ಪುನೀರು ಕೊಟ್ಟೆ.
ಸ್ಟೂಲು ಎಳೆದುಕೊಂಡು ಪಕ್ಕ ಕೂತೆ.
ಕಿಟಕಿಯ ಗಾಜಿಗೆ ಬೂದಿ ಬಂದು ಅಂಟುತ್ತಿತ್ತು, ಒಂದು, ಇನ್ನೊಂದು.

ಎಷ್ಟೋ ಹೊತ್ತಿಗೆ ಉಗುಳಿ, ಒರೆಸಿಕೊಂಡು,
'ಉಪ್ಪು ಜಾಸ್ತಿ, ಸಿಸ್ಟರ್,' ಅಂದ.
ಹೂಂ, ಅಂದೆ.
ಮುಂದಿನದಕ್ಕೆ ಕಾದೆ.