ಹನ್ನೊಂದು ಕುರಿಯ ಕಣ್ಣು

ನಾರಿನ್ ಪೇಟೆಯಲ್ಲಿ ಸದೀರನ ಅಂಗಡಿ.
ಟ್ರ್ಯಾಕ್ಟರ್ ಬೆಲ್ಟು, ಲಾಳ, ಚೀನಾದ ಫ್ಲಾಸ್ಕು ದಾಟಿಸಿ
ಒಳಕೋಣೆಗೆ ಕರೆದು ಬಾಗಿಲು ಹಾಕಿದ.
ಮೇಜಿನ ಮೇಲೆ ಎರಡು ಕೊಳವೆ ಇಟ್ಟು
ಹೆಣ್ಣುಮಕ್ಕಳಿಬ್ಬರನ್ನೂ ಒಟ್ಟಿಗೇ ತೋರಿಸುವ ತಂದೆಯಂತೆ
ಒಂದಡಿ ಹಿಂದೆ ಸರಿದು ನಿಂತ.
"ಇದು ನಾಲ್ಕು ಕುರಿ. ಅದು ಹನ್ನೊಂದು."
ಸೋಮ್‌ಗಳ ಲೆಕ್ಕ ನಮ್ಮ ತಲೆಗೆ ಹತ್ತದೆಂದು ಬಲ್ಲ.

ದೀಪ ಆರಿತು.
ನಾಲ್ಕು ಕುರಿಯದ್ದು ಮೊದಲು:
ಬಾಗಿಲ ಸಂದಿಯಿಂದ ಸೋರಿದ ಒಂದೆಳೆ ಬೆಳಕನ್ನೇ
ಹಿಂಡಿ ಹಿಂಡಿ ಕೋಣೆಗೆಲ್ಲ ಹಸಿರು ಬಳಿದಿತ್ತು.
ಗೋಣಿಯ ಹೊಲಿಗೆ ಕಂಡಿತು, ಸದೀರನ ಕಟ್ಟಿಸಿದ ಹಲ್ಲು,
ನನ್ನ ಗಂಡ ಶಾರ್ಶೆನ್ ಗಡ್ಡ ಕೆರೆಯುತ್ತಿದ್ದದ್ದು.
"ಇದಕ್ಕೆ ಚುಕ್ಕಿಯಷ್ಟಾದರೂ ಬೆಳಕು ಬೇಕು, ಅಕ್ಕ.
ಮಂಜು ಬಿದ್ದರೆ ನಿಮ್ಮ ಹಾಗೇ ಇದೂ ಕುರುಡು."

ಆಮೇಲೆ ಹನ್ನೊಂದರದ್ದು.
ಹೊಲಿಗೆ ಇಲ್ಲ, ಹಲ್ಲಿಲ್ಲ.
ಕಪ್ಪಿನಲ್ಲಿ ಎರಡು ಬೆಳ್ಳನೆಯ ಆಕಾರ,
ಒಂದು ದಪ್ಪ, ಒಂದು ಬಾಗಿದ್ದು.
"ಇದಕ್ಕೆ ಬೆಳಕಿನ ಹಂಗಿಲ್ಲ. ಬಿಸಿಯಿದ್ದರೆ ಸಾಕು,
ಆಚೆ ಗುಡ್ಡದ ಮೊಲವೂ ಕೆಂಡದ ಹಾಗೆ."
ಅಂಗೈಯನ್ನು ಗೋಡೆಗೆ ಒತ್ತಿ ತೆಗೆದ.
ಕೈ ಹೋದರೂ ಕೈ ಅಲ್ಲೇ ಇತ್ತು,
ಐದು ಬೆರಳು, ನಿಧಾನ ಬೂದಿಯಾಗುತ್ತ.

ನಾನು ಅಯ್ಯೋ ಅಂದೆ.
ಶಾರ್ಶೆನ್‌ಗೆ ಅದು ಹೊಸದಲ್ಲ.

ಕಳೆದ ನವೆಂಬರಿನಲ್ಲಿ, ಮೂರು ಕುರಿ ಹೋದ ಮೇಲೆ,
ತೊಕ್ತೊಸುನನ ಬಿಸಿಕೊಳವೆ ಎರವಲು ತಂದು
ಕೊಟ್ಟಿಗೆಯ ಮಾಡಿನ ಮೇಲೆ
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಲಗಿದ್ದ.
ದಿಣ್ಣೆಯ ಅಂಚಿನಲ್ಲಿ ಬಂತು ನಾಲ್ಕು ಕಾಲಿನ ಬಿಸಿ.
ಒಂದೇ ಗುಂಡು.
ಜೊತೆಯವು ಬರಬಹುದೆಂದು ಇಳಿಯದೆ ಕಾದ.
ಮೊದಲು ಕಿವಿ ಆರಿತು, ಆಮೇಲೆ ಪಾದ, ಬಾಲ,
ಹೊಟ್ಟೆ ಎಲ್ಲಕ್ಕಿಂತ ಕೊನೆಗೆ.
ತೋಳ ಹಿಮದ ಬಣ್ಣಕ್ಕೆ ತಿರುಗುವುದನ್ನು
ನಾನು ಕೊಟ್ಟ ಚಹಾ ಕುಡಿಯುತ್ತ ನೋಡಿದ.

ಅಕ್ತೋಶ್ ಅಂದರೆ ನಮ್ಮ ಮಾತಿನಲ್ಲಿ ಬಿಳಿ ಎದೆ.
ಕರಿ ಮೈಗೆ ಹಾಲು ಚೆಲ್ಲಿದಂಥ ಒಂದು ಮಚ್ಚೆ,
ಅದೇ ಗುರುತು, ಅದೇ ಹೆಸರು.
ಆ ಕೊಳವೆಯಲ್ಲಿ ಮೈಯೆಲ್ಲ ಬಿಳಿ.
ಮೈಯೆಲ್ಲ ಬಿಳಿಯಾದ ನಾಯಿಗೆ
ಬಿಳಿ ಎದೆ ಎಲ್ಲಿಂದ ಬರಬೇಕು?
ಬೆಳಗಾದ ಮೇಲೆ ಕಂಡಿತು.

"ನಾಯಿಗೂ ತೋಳಕ್ಕೂ ಇದರಲ್ಲಿ ಏನು ಭೇದ?" ಕೇಳಿದೆ.
"ನಡಿಗೆ ನೋಡಬೇಕು, ಬಾಲ ನೋಡಬೇಕು.
ಒಂದೆರಡು ಸಲ ಆದರೆ ರೂಢಿಯಾಗುತ್ತೆ," ಅಂದ ಸದೀರ್.
ಶಾರ್ಶೆನ್ ಟೋಪಿ ಹಾಕಿಕೊಂಡು ಹೊರಗೆ ಹೋದ.
ನಾನೇ ಚೌಕಾಸಿ ಮಾಡಿದೆ. ಹಸಿರನ್ನೇ ಕೊಡು ಅಂದೆ.
ಮೂರು ಕುರಿ, ಮೇಲೊಂದು ಕಂಬಳಿ.

ಊರು ಸೇರಿದ ಮರುದಿನದಿಂದಲೇ ಮಂಜು.
ಐದು ರಾತ್ರಿ ಪೆಟ್ಟಿಗೆ ಬಿಚ್ಚಲಿಲ್ಲ, ಎರಡು ಕುರಿ ಹೋದವು.
"ಮೂರು, ಎರಡು, ಐದು.
ಹನ್ನೊಂದಕ್ಕೆ ಇನ್ನೂ ಆರಿವೆ ಬಿಡು," ಅಂದೆ.
ಅವನು ನಗಲಿಲ್ಲ.

ಆರನೆಯ ರಾತ್ರಿ ಆಕಾಶ ತೊಳೆದಿಟ್ಟ ಹಾಗಿತ್ತು.
ನಾಯಿಗಳೆಲ್ಲ ಒಂದೇ ದಿಕ್ಕಿಗೆ ಬೊಗಳಿದವು.
ದಿಣ್ಣೆಯ ಮೇಲೆ ಏನೋ ನಿಂತಿತ್ತು.
ಕೊಳವೆಯನ್ನು ನನ್ನ ಕೈಗೆ ಕೊಟ್ಟು
"ನೀನು ನೋಡು. ಎದೆ ನೋಡು," ಅಂದ.
ಹಸಿರು ಕಲ್ಲು, ಹಸಿರು ಹಿಮ, ಉರಿಯುವ ಎರಡು ಕಣ್ಣು.
"ಮಚ್ಚೆ ಇಲ್ಲ," ಅಂದೆ.

ಬಂದೂಕು ಎತ್ತಿದವನು, ಯಾಕೋ,
ಮೊದಲು ಹೆಸರು ಹಿಡಿದು ಕೂಗಿದ.
ಅಕ್ತೋಶ್!
ಅದು ಕಿವಿ ನಿಮಿರಿಸಿತು,
ತನ್ನದೇ ಇರಬಹುದೇನೋ ಎಂಬ ಹಾಗೆ ಒಂದು ಗಳಿಗೆ,
ಆಮೇಲೆ ಆಚೆ ಬದಿಗೆ ಇಳಿದುಹೋಯಿತು.

ಕುರಿಗಳು ಮೆಲುಕು ಹಾಕುತ್ತಲೇ ಇದ್ದವು.